ಹದ ಬರುವ ತನಕ

ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕುವವಳು ಎಂದು ನನಗೆ ಹೆಸರಿದೆ. ಇದು ನನ್ನ ಸೊಸೆಗೆ ಗೊತ್ತು, ನಾನು ಪಾಠ ಹೇಳಿದ ಶಾಲೆಯ ಹೆಡ್‌ಮಾಸ್ತರರಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಯಾರಾದರೂ ಕೈ ಎತ್ತಿ 'ಒಂದು ನಿಮಿಷ ತಡೀರಿ' ಅಂದರೆ ಮುಗಿಯಿತು, ಹೇಳಬೇಕಾದ್ದನ್ನು ಆ ಕೈ ಕೆಳಗಿಳಿಯುವ ಮೊದಲೇ ಹೇಳಿಬಿಡುತ್ತೇನೆ. ಮದುವೆಯ ಮಾತುಕತೆ, ಶಾಲೆಯ ಸಭೆ, ಸತ್ತವರ ಮನೆ, ಯಾವುದನ್ನೂ ಬಿಟ್ಟವಳಲ್ಲ. ದೇವರ ಕೋಣೆಯಲ್ಲಿ ಲಿಂಗಪೂಜೆಗೆ ಕೂತ ಗಂಡನನ್ನು 'ಹಾಲಿನವನು ಬಂದಿದ್ದಾನೆ' ಎಂದು ಎಬ್ಬಿಸಿದ್ದೇನೆ. ಹುಟ್ಟುಗುಣ ಎಂದು ಎಲ್ಲರೂ ತಿಳಿದಿದ್ದಾರೆ, ನಾನೂ ತಿದ್ದಲು ಹೋಗಿಲ್ಲ. ಆದರೆ ಒಂಬತ್ತನೇ ವಯಸ್ಸಿನವರೆಗೆ ನಾನು ನಿಲ್ಲು ಅಂದರೆ ನಿಲ್ಲುವ, ಕೂರು ಅಂದರೆ ಕೂರುವ ಹುಡುಗಿಯಾಗಿದ್ದೆ. ಎಂಥ ಮಾತು ಕೇಳೋ ಮಗಳು ಎಂದು ಓಣಿಯ ಹೆಂಗಸರು ಅವ್ವನ ಹತ್ತಿರ ಹೊಟ್ಟೆಕಿಚ್ಚು ಪಡುತ್ತಿದ್ದರು. ಶಿಕಾರಿಪುರದ ನಮ್ಮ ಮನೆಯ ಬಚ್ಚಲಲ್ಲಿ ಅಪ್ಪ ಚಾಕು ಮಾಡಲು ಕೂತ ಆ ವರ್ಷ ಕಳೆದ ಮೇಲೆ ನಾನು ಹೀಗಾದೆ.

ಮನೆ ಪೇಟೆ ಬೀದಿಯ ಹಿಂದಿನ ಓಣಿಯಲ್ಲಿತ್ತು. ಮುಂದೆ ಪಡಸಾಲೆ, ಅದರ ಒಳಗೆ ನಡುಮನೆ, ನಡುಮನೆಯ ಒಂದು ಬದಿಗೆ ದೇವರ ಕೋಣೆ, ಇನ್ನೊಂದು ಬದಿಗೆ ಕಿಟಕಿಯೇ ಇಲ್ಲದ ಕತ್ತಲೆ ಕೋಣೆ. ಆ ಕೋಣೆಯಲ್ಲಿ ಜೋಳದ ಚೀಲಗಳಿರುತ್ತಿದ್ದವು. ಬಾಣಂತನ ಬಂದಾಗ ಚೀಲ ಹೊರಗೆ, ಬಾಣಂತಿ ಒಳಗೆ. ಹಿಂದೆ ಅಡುಗೆಮನೆ, ಅದರ ಬಾಗಿಲು ದಾಟಿದರೆ ಹಿತ್ತಲು, ಹಿತ್ತಲ ಮೂಲೆಯಲ್ಲಿ ಬಚ್ಚಲಮನೆ. ಅಪ್ಪನಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ ಇತ್ತು. ಅಪ್ಪ, ಅವ್ವ, ಅಪ್ಪನ ತಾಯಿ, ನಾನು, ಮನೆಯಲ್ಲಿ ಇಷ್ಟೇ ಜನ. ಇಷ್ಟೇ ಜನರಿದ್ದರೂ ಸದ್ದಿಗೇನೂ ಕಡಿಮೆ ಇರಲಿಲ್ಲ, ಏಕೆಂದರೆ ಅಪ್ಪ ಅವ್ವ ದಿನಕ್ಕೊಂದು ಜಗಳ ಆಡುತ್ತಿದ್ದರು. ಹೆಚ್ಚಿನವು ಉಪ್ಪಿನ ಜಗಳ. ಸಾರಿಗೆ ಉಪ್ಪು ಕಡಿಮೆ ಎಂದು ಅಪ್ಪ, ನಾಲಿಗೆ ಅಂಗಡಿಯಲ್ಲಿ ಬಿಟ್ಟು ಬಂದೀರಿ ಎಂದು ಅವ್ವ. ಊಟ ಮುಗಿಯುವಷ್ಟರಲ್ಲಿ ಜಗಳವೂ ಮುಗಿದು ಅಪ್ಪ ಎಲೆ ಅಡಿಕೆಗೆ ಕೈ ಚಾಚುತ್ತಿದ್ದ, ಅವ್ವ ಸುಣ್ಣ ಹಚ್ಚಿ ಕೊಡುತ್ತಿದ್ದಳು. ಆ ಸದ್ದಿನಲ್ಲೇ ನನಗೆ ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ.

ಜಗಳ ಸ್ವಲ್ಪ ಜೋರಾದ ದಿನ ಅಜ್ಜಿ ನಡುಮನೆಯಿಂದಲೇ ಕೂಗುತ್ತಿದ್ದಳು.

"ಮುಂಜಾನೆ ಯಾರೋ ಚಾಕು ಕೈಯಾಗ ಕೊಟ್ಟೀರಿ! ಎಷ್ಟು ಸಲ ಹೇಳ್ಲಿ, ಕೆಳಗಿಟ್ಟು ಕೊಡ್ರಿ ಅಂತ!"

ನಮ್ಮಲ್ಲಿ ಚಾಕನ್ನು ಕೈಯಿಂದ ಕೈಗೆ ಕೊಡುವಂತಿಲ್ಲ. ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಆಗುತ್ತದೆ. ಕೊಡುವವರು ನೆಲದ ಮೇಲೆ ಇಡಬೇಕು, ಬೇಕಾದವರು ಬಗ್ಗಿ ಎತ್ತಿಕೊಳ್ಳಬೇಕು. ನಾನು ನಡೆಯಲು ಕಲಿತ ಹಾಗೆಯೇ ಇದನ್ನೂ ಕಲಿತವಳು. ಅಜ್ಜಿಯ ಲೆಕ್ಕದಲ್ಲಿ ಚಾಕಿಗೆ ಇನ್ನೊಂದು ಕೆಲಸವೂ ಇತ್ತು. ಬಾಣಂತಿಯ ತಲೆದಿಂಬಿನ ಕೆಳಗೆ ಕಬ್ಬಿಣ ಇರಬೇಕು, ಇದ್ದರೆ ಕೆಟ್ಟದ್ದು ಕೂಸಿನ ಹತ್ತಿರ ಸುಳಿಯುವುದಿಲ್ಲ. ನನ್ನ ನಂತರ ಅವ್ವನಿಗೆ ಎರಡು ಮಕ್ಕಳಾದವು. ಎರಡು ಸಲವೂ ಅಡುಗೆಮನೆಯ ಚಾಕು ದಿಂಬಿನ ಕೆಳಗೆ ಹೋಗಿತ್ತು, ಎರಡು ಸಲವೂ ಹೆಸರಿಡುವ ಮೊದಲೇ ಕೂಸು ಹೋಯಿತು. ಅವ್ವ ಮತ್ತೆ ಬಸುರಿಯಾಗಿ ಆರನೇ ತಿಂಗಳು ತುಂಬಿದಾಗ ಅಜ್ಜಿ ಆ ಚಾಕನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದು ಅಪ್ಪನ ಮುಂದೆ ನೆಲಕ್ಕಿಟ್ಟಳು.

"ಇದು ಕಾಯಲಿಲ್ಲಪಾ. ಬ್ಯಾರೆ ಬೇಕು."

"ನಾಳೆ ಪೇಟ್ಯಾಗ ಒಂದು ತರ್ತೀನಿ ಬಿಡು."

"ಪೇಟಿ ಚಾಕಿಗೆ ಏನು ಕೊಯ್ದು ಹರಿತ ನೋಡಿರ್ತಾರೋ ಏನೋ! ಕೋಳಿನೋ ಕುರಿನೋ. ಅದನ್ನ ತಂದು ಕೂಸಿನ ತಲಿಯಡಿ ಇಡ್ತೀಯಾ?"

"ಹಂಗಾರ ನಾನೇ ಮಾಡ್ತೀನಿ" ಎಂದ ಅಪ್ಪ.

ಸಿಟ್ಟಿನಲ್ಲಿ ಬಂದ ಮಾತು ಅದು. ಗಜಕಡ್ಡಿ ಬಿಟ್ಟರೆ ಬೇರೆ ಕಬ್ಬಿಣ ಹಿಡಿದವನಲ್ಲ ಅಪ್ಪ. ದಿಂಬಿನ ಕೆಳಗಿನ ಕಬ್ಬಿಣದಲ್ಲಿ ಅವನಿಗೆ ನಂಬಿಕೆಯೂ ಇದ್ದ ಹಾಗೆ ಕಾಣೆ. ಆದರೆ ಎರಡು ಸಲ ಸುಮ್ಮನೆ ಬಾಗಿಲ ಹೊರಗೆ ನಿಂತು, ಆಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಹೊಲಕ್ಕೆ ಎತ್ತಿಕೊಂಡು ಹೋದ ಮನುಷ್ಯ ಅವನು. ಮೂರನೇ ಸಲ ಕೈಗೊಂದು ಕೆಲಸ ಇರಲಿ ಅನ್ನಿಸಿರಬೇಕು. ಈ ವಯಸ್ಸಿಗೆ ನನಗೆ ಅದು ಅರ್ಥವಾಗುತ್ತದೆ. ಆಗ ಅಪ್ಪ ಆಟಕ್ಕೆ ಕೂತಿದ್ದಾನೆ ಅಂದುಕೊಂಡು ಕುಣಿದಾಡಿದ್ದೆ.

ಮಾರನೆಯ ದಿನ ಅಂಗಡಿಯಿಂದ ಬರುವಾಗ ಬಟ್ಟೆಯ ದೊಡ್ಡ ಮೂಟೆಗಳಿಗೆ ಬಿಗಿದಿರುತ್ತದಲ್ಲ, ಆ ಕಬ್ಬಿಣದ ಪಟ್ಟಿ ತಂದ. ಬಚ್ಚಲ ಒಲೆಯ ಮೇಲಿನ ಹಂಡೆ ಇಳಿಸಿ, ಇದ್ದಿಲು ತುಂಬಿ, ಊದುಗೊಳವೆಯಿಂದ ಕೆನ್ನೆ ಉಬ್ಬಿಸಿ ಊದಿದ. ಕಬ್ಬಿಣ ಕೆಂಪಾಗುವ ಮೊದಲು ಅಪ್ಪನ ಮುಖ ಕೆಂಪಾಯಿತು. ಆಮೇಲೆ ಸೈಕಲ್ ಪಂಪು ತಂದು, ಅದರ ಮೂತಿಯನ್ನು ಒಲೆಯ ಬಾಯಿಗೆ ಕಟ್ಟಿ, ಒಂದು ಕಾಲಲ್ಲಿ ಪಂಪನ್ನು ಮೆಟ್ಟಿ ಹಿಡಿದು ಒಂದು ಕೈಯಲ್ಲಿ ಗಾಳಿ ಹೊಡೆಯತೊಡಗಿದ. ಕಬ್ಬಿಣ ಬಡಿಯುವ ಅಡೆಗಲ್ಲಿಗೆ ಬಟ್ಟೆ ಒಗೆಯುವ ಕಲ್ಲೇ ಆಯಿತು. ಬಡಿದ ಪೆಟ್ಟಿಗೆ ಒಗೆಯುವ ಕಲ್ಲಿನ ಮೂಲೆ ಹಾರಿತು, ಅದಕ್ಕೊಂದು ಜಗಳ. ಹಂಡೆ ಇಳಿದಿದ್ದರಿಂದ ಅಜ್ಜಿಗೆ ತಣ್ಣೀರ ಸ್ನಾನ, ಅದಕ್ಕೊಂದು ಜಗಳ. ಎಂಟು ದಿನ ಉಜ್ಜಿ ಉಜ್ಜಿ ಮಾಡಿದ ಮೊದಲ ಚಾಕಿನಿಂದ ಅವ್ವ ಸೌತೆಕಾಯಿ ಕೊಯ್ಯಲು ಹೋದರೆ ಚಾಕೇ ಬಗ್ಗಿತು. ಎರಡನೆಯದೂ ಅದೇ ಪಟ್ಟಿಯದು, ಅದೂ ಹಾಗೆಯೇ. ಮೂರನೆಯದನ್ನು ಕಬ್ಬಿಣ ಉಜ್ಜುವ ಒಂದು ಹಳೆಯ ಅರದಿಂದ ಮಾಡಿದ. ಕೆಂಪಗೆ ಕಾಯಿಸಿ ಬಕೆಟ್ಟಿನ ನೀರಿಗೆ ಅದ್ದಿದಾಗ ಟಣ್ ಎಂದು ಸದ್ದಾಯಿತು. ಎತ್ತಿ ನೋಡಿದರೆ ಎರಡು ತುಂಡು. ಅಪ್ಪ ಆ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ನೋಡುತ್ತಾ ಕೂತ. ಅಂದು ಅವ್ವ ತಾನೇ ಹಂಡೆ ಏರಿಸಲು ಹೋದಳು. ಅಪ್ಪ ಎದ್ದು ಬಂದು ಅವಳ ಕೈಯಿಂದ ಹಂಡೆ ತೆಗೆದುಕೊಂಡ.

ಅವ್ವನ ತವರು ಸೊರಬದ ಕಡೆ, ಜಡೆಯ ಹತ್ತಿರ. ಅಲ್ಲಿನ ಕಾಳಾಚಾರಿ ಎಂಬ ಮುದುಕ ಕಮ್ಮಾರ ಅವ್ವ ಹುಟ್ಟುವ ಮೊದಲಿನಿಂದ ಆ ಊರಿಗೆ ಕತ್ತಿ ಕುಡುಗೋಲು ಮಾಡಿಕೊಟ್ಟವನು. ಅಪ್ಪ ನನ್ನನ್ನು ಕರೆದುಕೊಂಡು ಸೊರಬಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಜಡೆಯ ಬಸ್ಸು ಹಿಡಿದು, ಕಾಳಾಚಾರಿಯ ಕುಲುಮೆಯ ಮುಂದೆ ಮುರಿದ ಎರಡು ತುಂಡುಗಳನ್ನು ಇಟ್ಟ. ಮುದುಕ ಅವನ್ನು ತಿರುವಿ ನೋಡಿ ನಕ್ಕ.

"ಎಂತ ಸಾವ್ಕಾರ್ರೆ, ಬಟ್ಟೆ ಯಾಪಾರ ಸಾಕಾಯ್ತಾ? ಇದಕ್ಕೆ ನೀರು ಕುಡ್ಸಿ ಕೊಂದೇಬಿಟ್ಟೀರಲ್ಲ. ಎಣ್ಣೆಗೆ ಹಾಕ್ಬೇಕು. ಹಾಕಿ ತೆಗೆದ ಕೂಡ್ಲೆ ಆಗ್ಲಿಲ್ಲ ಅದು, ಬರೀ ಸಿಟ್ಟಿರ್ತದೆ ಅದಕ್ಕೆ, ಮುಟ್ಟಿದ್ರೆ ಮುರೀತದೆ. ಉಜ್ಜಿ ಬೆಳ್ಳಗೆ ಮಾಡಿ, ರೊಟ್ಟಿ ಹಂಚಿನ ಮೇಲೆ ಮತ್ತೆ ಸಣ್ಣಕೆ ಕಾಯ್ಸಿ. ಮೈ ಮೇಲೆ ಬಣ್ಣ ಓಡ್ತದೆ ನೋಡಿ. ಮೊದ್ಲು ಒಣಹುಲ್ಲಿನ ಬಣ್ಣ, ಆಮೇಲೆ ಹೊಸ ಬೆಲ್ಲದ ಬಣ್ಣ, ಆಮೇಲೆ ನವಿಲಿನ ಬಣ್ಣ. ಬೆಲ್ಲದಲ್ಲಿ ಹಿಡೀಬೇಕು. ನವಿಲು ಬಂತು ಅಂದ್ರೆ ಕೈ ಬಿಟ್ಟು ಹೋಯ್ತು."

"ಎಷ್ಟೊತ್ತು ಕಾಯಿಸ್ಬೇಕು ಆಚಾರ್ರೆ?"

"ಹದ ಬರೋ ತನಕ."

"ಹಂಗಂದ್ರ ಎಷ್ಟೊತ್ತು?"

"ಅಯ್ಯೋ ಮಾರಾಯ್ರೆ, ಹದ ಬರೋ ತನಕ ಅಂದೆನಲ್ಲ!"

ಅಪ್ಪನ ಅಂಗಡಿಯಲ್ಲಿ ಎಲ್ಲಕ್ಕೂ ಗಜ, ಗಿರಾ ಎಂಬ ಅಳತೆ ಇತ್ತು. ಬಸ್ಸಿನಲ್ಲಿ ಬರುವಾಗ ಇಡೀ ದಾರಿ 'ಇದೆಂಥ ಅಳತೆ' ಎಂದು ಗೊಣಗುತ್ತಿದ್ದ. ಮನೆಗೆ ಬಂದು ಅವ್ವನಿಗೆ ಹೇಳಿದರೆ ಅವಳು ಅಪ್ಪನನ್ನೇ ವಿಚಿತ್ರವಾಗಿ ನೋಡಿದಳು. "ಮತ್ತಿನ್ನೇನು ಹೇಳ್ಬೇಕಿತ್ತು ಅವ್ರು? ಸರಿಯಾಗೇ ಹೇಳ್ಯಾರೆ" ಎಂದಳು. ಶೇಂಗಾ ಉಂಡೆಯ ಪಾಕಕ್ಕೆ, ಹೋಳಿಗೆಯ ಹೂರಣಕ್ಕೆ ಓಣಿಯವರೆಲ್ಲ ಅವಳನ್ನು ಕರೆಯುತ್ತಿದ್ದರು. ಅವಳು ಬಾಣಲೆಯ ಮುಂದೆ ನಿಂತು ನೋಡಿ, ಎಲ್ಲರೂ ಇನ್ನೂ ಆಗಿಲ್ಲ ಅನ್ನುವಾಗಲೇ ಇಳಿಸಿ ಅನ್ನುತ್ತಿದ್ದಳು. ಅವಳು ಅಂದದ್ದೇ ಹದ.

ಹೀಗೆ ಒಂದು ಭಾನುವಾರ ಏಳು ತಿಂಗಳ ಬಸುರಿ ಅವ್ವ ಬಚ್ಚಲಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಳು. ಲಾರಿಯ ಸ್ಪ್ರಿಂಗ್ ಪಟ್ಟಿಯ ಒಂದು ತುಂಡನ್ನು ಅಪ್ಪ ದಿನಗಟ್ಟಲೆ ಬಡಿದು, ಅರದಿಂದ ಉಜ್ಜಿ, ಅಂಗೈ ಉದ್ದದ ಚಾಕಿನ ಆಕಾರಕ್ಕೆ ತಂದಿದ್ದ. ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಬೇಕಲ್ಲ, ಮನೆಯಲ್ಲಿ ಬೇಕಾದಷ್ಟು ಇದ್ದದ್ದು ಹರಳೆಣ್ಣೆ ಮಾತ್ರ. ಕೂಸಿನ ನೆತ್ತಿಗೆ, ಬಾಣಂತಿಯ ಮೈಗೆ ಎಂದು ಅಜ್ಜಿ ತಾನೇ ಕುದಿಸಿ ಸೋಸಿ ಗಡಿಗೆಯಲ್ಲಿ ಎತ್ತಿಟ್ಟದ್ದು. ಕೇಳುವಷ್ಟು ಪುರುಸೊತ್ತು ಅಪ್ಪನಿಗಿರಲಿಲ್ಲ, ಕೇಳಿದರೆ ಸಿಗುತ್ತಲೂ ಇರಲಿಲ್ಲ. ಅದ್ದಿಯೇಬಿಟ್ಟ. ಬಚ್ಚಲು ತುಂಬ ಹೊಗೆ. ಅಜ್ಜಿ ದೇವರ ಕೋಣೆಯಿಂದ ಎದ್ದು ಬಂದು ಎಣ್ಣೆ ನೋಡಿ ಹಣೆ ಚಚ್ಚಿಕೊಂಡಳು. ಅಪ್ಪ ಬೆಳ್ಳಗೆ ಉಜ್ಜಿದ ಅಲಗನ್ನು ರೊಟ್ಟಿ ಹಂಚಿನ ಮೇಲಿಟ್ಟ. ಅಜ್ಜಿ ಕೂಡ ಬೈಯುವುದನ್ನು ನಿಲ್ಲಿಸಿ ಬಗ್ಗಿ ನೋಡಿದಳು. ಬಿಳಿ ಕಬ್ಬಿಣದ ಮೇಲೆ ಒಣಹುಲ್ಲಿನ ಬಣ್ಣ ತಾನಾಗಿ ಬಂತು. ಅಪ್ಪ ಇಕ್ಕಳ ಚಾಚಿದ.

"ತಡೀರಿ" ಎಂದಳು ಅವ್ವ. "ಇನ್ನೊಂದೀಟು. ಇನ್ನೊಂದೀಟು. ಹಾಂ, ತೆಗೀರಿ!"

ಮಾರನೆಯ ದಿನ ಆ ಚಾಕು ಬದನೆಕಾಯಿಯನ್ನು ಸದ್ದಿಲ್ಲದೆ ಸೀಳಿತು. ಮತ್ತಿಮರದ ಹಿಡಿಗೆ ಅರಗು ತುಂಬಿ ಅಪ್ಪ ಅಲಗು ಕೂರಿಸಿದ, ಅವ್ವ ಅದಕ್ಕೆ ವಿಭೂತಿ ಹಚ್ಚಿದಳು. ಅವರಿಬ್ಬರೂ ಅಷ್ಟು ಖುಷಿಯಾಗಿದ್ದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲಂತೂ ಇಲ್ಲ.

ಕೂಸು ಹುಟ್ಟಿತು, ತಮ್ಮ. ಕತ್ತಲೆ ಕೋಣೆಯಿಂದ ಜೋಳದ ಚೀಲಗಳು ಪಡಸಾಲೆಗೆ ಬಂದವು. ಚಾಕು ಅವ್ವನ ದಿಂಬಿನ ಕೆಳಗೆ ಹೋಯಿತು. ಎರಡು ದಿನ, ಮೂರು ದಿನ, ಐದು ದಿನ. ಹಿಂದಿನ ಎರಡು ಮಕ್ಕಳು ಐದು ದಿನ ದಾಟಿರಲಿಲ್ಲ. ಆರನೇ ದಿನ ಅಜ್ಜಿ ಹಣೆಗೆ ಕೈ ಮುಟ್ಟಿಸಿಕೊಂಡು ದೇವರಿಗೆ ತುಪ್ಪದ ದೀಪ ಹಚ್ಚಿದಳು. ಅಪ್ಪನಿಗೆ ರೆಕ್ಕೆ ಬಂದ ಹಾಗಾಗಿತ್ತು. ಚಾಕಿನ ಸುದ್ದಿ ಕೇಳಿದ ಸೋದರಮಾವ ತನಗೂ ಒಂದು ಬೇಕು ಎಂದು ಹೇಳಿ ಕಳಿಸಿದ್ದ. ಅದು ನೆವ ಅಷ್ಟೆ, ಕೇಳದಿದ್ದರೂ ಅಪ್ಪ ಮಾಡುತ್ತಿದ್ದ. ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಎರಡು ತಾಸು ಬಚ್ಚಲಲ್ಲೇ ಇರುತ್ತಿದ್ದ. ಆದರೆ ಈಗ ಅವ್ವ ಬಾಗಿಲಲ್ಲಿ ಕೂರುವಂತಿರಲಿಲ್ಲ. ಬಣ್ಣ ನೋಡುವುದು ಅವನೊಬ್ಬನ ಕಣ್ಣಿಗೇ ಬಿತ್ತು. ಒಂದು ಅಲಗು ಆಗಲೇ ನವಿಲಿನ ಬಣ್ಣಕ್ಕೆ ಹೋಗಿ ಕೆಟ್ಟಿತ್ತು, ನಾನು ಏನೋ ಕೇಳಿ ಅವನು ಈ ಕಡೆ ತಿರುಗಿದಾಗ. ಅಂದಿನಿಂದ ಹಂಚಿನ ಮೇಲೆ ಕಬ್ಬಿಣ ಇರುವಾಗ ಯಾರೂ ಮಾತಾಡಬಾರದು ಎಂದು ಕಟ್ಟಪ್ಪಣೆಯಾಯಿತು.

ಒಂಬತ್ತನೇ ದಿನ ಬೆಳಿಗ್ಗೆ ಅಜ್ಜಿ ಹೆಸರಿಡುವ ದಿನ ಕೇಳಲು ಮಠದ ಅಯ್ಯನವರ ಹತ್ತಿರ ಹೋಗಿದ್ದಳು. ನಾನು ನಡುಮನೆಯಲ್ಲಿ ಸ್ಲೇಟು ಒರೆಸುತ್ತಿದ್ದೆ. ಕತ್ತಲೆ ಕೋಣೆಯಿಂದ ಅವ್ವ ಕರೆದಳು. ಕೂಸು ಅವಳ ತೊಡೆಯ ಮೇಲಿತ್ತು.

"ಗಿರಿಜಾ, ನಿಮ್ಮಪ್ಪನ್ನ ಕರಿ. ಕೂಸು ಹಾಲು ಹಿಡೀವಲ್ದು. ಡಾಕ್ಟರನ್ನ ಕರ್ಕಂಡು ಬರ್ಬೇಕಂತೆ ಅನ್ನು. ಓಡು."

ಓಡಿದೆ. ಅಡುಗೆಮನೆ ದಾಟಿ, ಹಿತ್ತಲು ದಾಟಿ, ಬಚ್ಚಲಮನೆಯ ಬಾಗಿಲಿಗೆ ಬಂದೆ. ಅಪ್ಪ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತಿದ್ದ. ಒಲೆಯ ಮೇಲೆ ಹಂಚು, ಹಂಚಿನ ಮೇಲೆ ಬೆಳ್ಳನೆಯ ಅಲಗು. ನನ್ನ ಕಾಲಸಪ್ಪಳ ಕೇಳಿದ್ದೇ, ತಿರುಗದೆ ಎಡಗೈ ಮೇಲೆತ್ತಿದ.

"ತಡಿ. ಮಾತಾಡಬ್ಯಾಡ."

ತಡೆದೆ. ಹೇಳಿದ ಮಾತು ಕೇಳುವ ಹುಡುಗಿ ನಾನು. ಬಾಯಲ್ಲಿ ಮಾತು ಇತ್ತು, ಅಪ್ಪ ಅನ್ನಲು ತುಟಿ ತೆರೆದಿದ್ದೆ, ಆ ಕೈ ನೋಡಿ ಮುಚ್ಚಿದೆ. ಎಷ್ಟು ಹೊತ್ತು ಎಂದು ನನಗೆ ಇಂದಿಗೂ ಗೊತ್ತಿಲ್ಲ. ಒಣಹುಲ್ಲಿನ ಬಣ್ಣ ಅಲಗಿನ ಬೆನ್ನಿನ ಕಡೆಯಿಂದ ಹರಿತದ ಬಾಯಿಯ ಕಡೆಗೆ ಹರಿದು ಬರುವುದನ್ನು ನೋಡುತ್ತಾ ನಿಂತೆ. ನೋಡಲು ಚೆಂದವಿತ್ತು, ಅದನ್ನೂ ಬರೆಯಬೇಕು. ಒಂದು ಗಳಿಗೆ ನನಗೆ ಕೂಸು ಮರೆತೇ ಹೋಗಿತ್ತು. ಹುಲ್ಲು ಬೆಲ್ಲವಾಯಿತು. ಅಪ್ಪ ಇಕ್ಕಳದಲ್ಲಿ ಅಲಗು ಎತ್ತಿ ನೀರಿಗೆ ಹಾಕಿ, ತಿರುಗಿ, ಮುಖವೆಲ್ಲ ನಗುವಾಗಿ ನೋಡಿದ.

"ನೋಡಿದ್ಯಾ? ನಿಮ್ಮವ್ವ ಇಲ್ದನ ಹದ ಹಿಡಿದೆ! ಏನು, ಏನಾತು?"

ಹೇಳಿದೆ. ಅಪ್ಪನ ಮುಖದಲ್ಲಿ ಆ ನಗು ಆರುವುದಕ್ಕೂ ಸ್ವಲ್ಪ ಹೊತ್ತು ಹಿಡಿಯಿತು. ಅವನು ಕತ್ತಲೆ ಕೋಣೆಗೂ ಹೋಗದೆ ಹಿತ್ತಲ ಬಾಗಿಲಿನಿಂದಲೇ ಸೈಕಲ್ ತೆಗೆದುಕೊಂಡು ಹೋದ. ಆಸ್ಪತ್ರೆಯಲ್ಲಿ ಡಾಕ್ಟರು ಇರಲಿಲ್ಲ. ತಾಳಗುಂದದ ಕಡೆ ಒಂದು ಹೆರಿಗೆ ಕಷ್ಟವಾಗಿ ಗಾಡಿ ಬಂದಿತ್ತಂತೆ, ಹೋಗಿದ್ದರು. "ಈಗಷ್ಟೇ ಹೋದ್ರಲ್ರೀ, ಹತ್ತು ನಿಮಿಷ ಆಗಿರ್ಬೇಕು" ಎಂದನಂತೆ ಕಾಂಪೌಂಡರು. ಅಪ್ಪ ಸೈಕಲ್ ತುಳಿದುಕೊಂಡು ತಾಳಗುಂದದ ದಾರಿ ಹಿಡಿದ. ಅವನು ಡಾಕ್ಟರನ್ನು ಕರೆದುಕೊಂಡು ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು, ಅಜ್ಜಿಯ ಅಳು ಓಣಿಯ ತುದಿಗೇ ಕೇಳುತ್ತಿತ್ತು. ಎಷ್ಟೋ ವರ್ಷದ ಮೇಲೆ, ಡಾಕ್ಟರಿಕೆ ಓದಿದ ನನ್ನ ಶಿಷ್ಯೆಯೊಬ್ಬಳಿಗೆ ಇದನ್ನೆಲ್ಲ ಹೇಳಿ ಕೇಳಿದ್ದೇನೆ. ಆ ಕಾಲದಲ್ಲಿ, ಆ ಸ್ಥಿತಿಯಲ್ಲಿ, ಡಾಕ್ಟರು ಮನೆಯಲ್ಲೇ ಇದ್ದಿದ್ದರೂ ಉಳಿಯುತ್ತಿರಲಿಲ್ಲ ಟೀಚರ್ ಎಂದಳು. ಒಳ್ಳೆಯ ಹುಡುಗಿ. ಅವಳ ಮಾತು ನಿಜವಿರಬಹುದು, ಆದರೆ ಆ ಹತ್ತು ನಿಮಿಷ ಅವಳ ಮಾತಿನಿಂದ ಕರಗಲಿಲ್ಲ.

ಅವ್ವ ನನ್ನನ್ನು ಏನೂ ಕೇಳಲಿಲ್ಲ. ದಿನವೂ ಅಷ್ಟು ಹೊತ್ತಿಗೆ ಅಪ್ಪ ಅಂಗಡಿಗೆ ಹೋಗಿರುತ್ತಿದ್ದ. ನಾನು ಅಂಗಡಿಗೆ ಓಡಿ ಕರೆದಿದ್ದೇನೆ, ಅದಕ್ಕೇ ತಡವಾಯಿತು ಎಂದು ಅವಳು ತಿಳಿದುಕೊಂಡಳು. "ಪಾಪ, ಅಷ್ಟು ದೂರ ಓಡಿ ಹೋತು ಕೂಸು" ಎಂದು ಬಂದ ಹೆಂಗಸರ ಮುಂದೆ ನನ್ನ ತಲೆ ಸವರಿದಳು. ನಾನು ಸುಮ್ಮನಿದ್ದೆ. ಅಪ್ಪ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ, ಅವನೂ ಸುಮ್ಮನಿದ್ದ. ಅಂದಿನಿಂದ ಅಪ್ಪ ನನ್ನ ಮುಖ ನೋಡುವುದನ್ನು ಬಿಟ್ಟ.

ಮನೆಯಲ್ಲಿ ಮಾತು ನಿಂತಿತು. ಅಜ್ಜಿ ಮಾತ್ರ ಆಗಾಗ 'ಕೂಸಿನ ಎಣ್ಣಿ ಕಬ್ಬಿಣಕ್ಕೆ ಕುಡಿಸಿದ್ರು' ಎಂದು ಗೋಡೆಗೆ ಹೇಳುತ್ತಿದ್ದಳು. ದಿಂಬಿನ ಕೆಳಗಿದ್ದ ಚಾಕನ್ನು ಅವಳೇ ತೆಗೆದುಕೊಂಡು ಹೋಗಿ ಕೆರೆಗೆ ಹಾಕಿ ಬಂದಳು. ಅಪ್ಪ ಸೈಕಲ್ ಪಂಪನ್ನು ಬಿಚ್ಚಿ ಸೈಕಲ್ಲಿಗೆ ಸಿಕ್ಕಿಸಿದ, ಹಂಡೆ ಒಲೆಗೆ ಏರಿತು, ಅಜ್ಜಿಗೆ ಬಿಸಿನೀರು ಸಿಕ್ಕಿತು. ಕೊನೆಯ ದಿನದ ಆ ಅಲಗಿಗೆ ಮಾತ್ರ ಅಪ್ಪ ಒಂದು ಹಿಡಿ ಕೂರಿಸಿ, ಬಟ್ಟೆ ಸುತ್ತಿ, ಪಡಸಾಲೆಯ ಗೂಡಿನಲ್ಲಿ ಇಟ್ಟುಕೊಂಡ. ಯಾಕೆ ಇಟ್ಟುಕೊಂಡ ಎಂದು ನಾನು ಕೇಳಿಲ್ಲ, ಎಸೆಯಲೂ ಕೈ ಬರಲಿಲ್ಲವೇನೋ. ಅವ್ವ ಎದ್ದು ಅಡುಗೆ ಶುರು ಮಾಡಿದಳು. 'ನಿಮ್ಮಪ್ಪನ್ನ ಊಟಕ್ಕೆ ಕರಿ' ಎಂದು ನನಗೆ ಹೇಳುತ್ತಿದ್ದಳು, 'ನಿಮ್ಮವ್ವಗೆ ಸಾಕು ಅಂತ ಹೇಳು' ಎಂದು ಅಪ್ಪ ಎಲೆಯ ಮೇಲೆ ಬಗ್ಗಿಕೊಂಡು ನನಗೇ ಹೇಳುತ್ತಿದ್ದ. ಉಪ್ಪು ಹೆಚ್ಚಾದರೂ ಉಂಡ, ಕಡಿಮೆಯಾದರೂ ಉಂಡ. ಮೂರು ತಿಂಗಳು ಹೀಗೆ. ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತು, ಒಳಗೆ ಜಗಳದ ಸದ್ದು ಏನಾದರೂ ಇದೆಯೇ ಎಂದು ಕಿವಿಗೊಡುತ್ತಿದ್ದೆ. ಏನೂ ಇರುತ್ತಿರಲಿಲ್ಲ.

ಆಗ ನನಗೆ ಒಂದು ಉಪಾಯ ಹೊಳೆಯಿತು. ಒಂಬತ್ತು ವರ್ಷದ ತಲೆ, ಆ ಮನೆಯಲ್ಲಿ ಬೆಳೆದ ತಲೆ. ಚಾಕು ಕೈಯಿಂದ ಕೈಗೆ ಹೋದರೆ ಜಗಳ ಆಗುತ್ತದೆ. ಹಾಗಾದರೆ ಅಪ್ಪನ ಕೈಯಿಂದ ಅವ್ವನ ಕೈಗೆ ಒಂದು ಚಾಕು ಹೋದರೆ ಸಾಕು, ಮೊದಲಿನ ಹಾಗೆ ಉಪ್ಪಿನ ಜಗಳ ಆಗುತ್ತದೆ, ಎಲೆ ಅಡಿಕೆ ಬರುತ್ತದೆ, ಎಲ್ಲ ಸರಿಯಾಗುತ್ತದೆ.

ಶಾಲೆಗೆ ರಜೆ ಇದ್ದ ಒಂದು ಬೆಳಿಗ್ಗೆ. ಅವ್ವ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತಿದ್ದಳು. ಮೊರದಲ್ಲಿ ಅಕ್ಕಿ ಇತ್ತು, ಆರಿಸುತ್ತೇನೆ ಎಂದು ನಾನು ಅದನ್ನು ಎತ್ತಿಕೊಂಡೆ. ಬಾಗಿಲಿನಿಂದ ಅವ್ವನವರೆಗಿನ ನೆಲದ ಮೇಲೆಲ್ಲ ಬೇಕೆಂದೇ ಚೆಲ್ಲಿದೆ. ಚಾಕು ಇಡಲು ಒಂದು ಅಂಗೈ ಜಾಗ ಬಿಡಲಿಲ್ಲ. ಅವ್ವ ಬೈಯಲೂ ಇಲ್ಲ, ಸುಮ್ಮನೆ ನೋಡಿದಳು. ಪಡಸಾಲೆಗೆ ಓಡಿ ಅಪ್ಪನಿಗೆ ಹೇಳಿದೆ.

"ಅವ್ವಗೆ ಚಾಕು ಬೇಕಂತೆ. ನಿನ್ನ ಗೂಡಿನಾಗಿಂದು. ನೀನೇ ತರ್ಬೇಕಂತೆ."

ಅಪ್ಪ ಮೂರು ತಿಂಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿದ. "ಕೇಳಿದ್ಲಾ? ನಿಮ್ಮವ್ವನೇ ಕೇಳಿದ್ಲಾ?" ಎಂದ. ಹೌದು ಎಂದೆ. ಆ ಸುಳ್ಳಿಗೆ ಅವನು ಎರಡೂ ಕೈ ನೆಲಕ್ಕೂರಿ ತಟ್ಟನೆ ಎದ್ದ. ಬಟ್ಟೆ ಬಿಚ್ಚಿ, ಅಲಗನ್ನು ಪಂಚೆಗೆ ಒರೆಸಿಕೊಂಡು, ಅಡುಗೆಮನೆಯ ಬಾಗಿಲಿಗೆ ಬಂದ. ಇಡಲು ಬಗ್ಗಿದ. ನೆಲದ ತುಂಬ ಅಕ್ಕಿ. ಅನ್ನದ ಕಾಳಿನ ಮೇಲೆ ಕಬ್ಬಿಣ ಇಡುವುದು ಹೇಗೆ, ತುಳಿಯುವುದು ಹೇಗೆ? ಬಗ್ಗಿದವನು ಹಾಗೇ ನಿಂತ, ಚಾಕು ಹಿಡಿದ ಕೈ ಮುಂದಕ್ಕೆ ಚಾಚಿತ್ತು. ಅವ್ವ ಆ ಕೈಯನ್ನು ನೋಡಿದಳು, ಅಕ್ಕಿಯನ್ನು ನೋಡಿದಳು. ಆಮೇಲೆ ಕೂತಲ್ಲಿಂದಲೇ ಕೈ ಚಾಚಿ ಚಾಕನ್ನು ಅವನ ಕೈಯಿಂದ ತೆಗೆದುಕೊಂಡಳು.

ಅವ್ವ ಚಾಕನ್ನು ಬೆಳಕಿಗೆ ಹಿಡಿದು, ಅಲಗಿನ ಬಾಯಿಯ ಮೇಲೆ ಹೆಬ್ಬೆರಳನ್ನು ಅಡ್ಡ ಆಡಿಸಿದಳು.

"ಹದ ಚಲೋ ಬಂದೈತ್ರೀ" ಎಂದಳು.

ಮೂರು ತಿಂಗಳ ಮೇಲೆ ಅವಳು ಅಪ್ಪನಿಗೆ ಆಡಿದ ಮೊದಲ ಮಾತು. ಅಪ್ಪ ನಕ್ಕೇಬಿಟ್ಟ. ನಾನೂ ನಕ್ಕೆ. ಅವ್ವನೂ ಇನ್ನೇನು ನಗುತ್ತಾಳೆ ಅನ್ನುವಂತೆ ಕತ್ತೆತ್ತಿದಳು.

"ಇದ್ಯಾವಾಗ ಮಾಡಿದ್ರಿ? ನಾ ನೋಡೇ ಇಲ್ಲಲ್ಲ."

ಅಪ್ಪ ಸುಳ್ಳು ಹೇಳಬಹುದಿತ್ತು. ಮೊದಲೇ ಮಾಡಿದ್ದು ಅನ್ನಬಹುದಿತ್ತು. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಅವತ್ತು."

"ಯಾವತ್ತು?" ಎಂದವಳು ತಾನೇ ನಿಲ್ಲಿಸಿದಳು. "ಅವತ್ತು ನೀವು ಅಂಗಡ್ಯಾಗಿದ್ರಲ್ಲ? ಇಕಿ ಅಂಗಡಿಗೆ ಬಂದಿದ್ಲಲ್ಲ ಕರ್ಯಾಕೆ?"

"ಬಚ್ಚಲದಾಗಿದ್ದೆ" ಎಂದ ಅಪ್ಪ. "ಬಂದು ಹಿಂದ ನಿಂತಿದ್ಲು. ನಾನೇ ತಡಿ ಅಂದೆ. ಮಾತಾಡಬ್ಯಾಡ ಅಂದೆ. ಯಾಕೆ ಬಂದಾಳೆ ಅಂತ ಕೇಳ್ಲಿಲ್ಲ."

ನಾನು ಬಯಸಿದ್ದ ಜಗಳ ಇದಲ್ಲ. ಅವ್ವ ಕೂಗಲಿ, ಚಾಕು ಎಸೆಯಲಿ, ಅಕ್ಕಿ ಚೆಲ್ಲಿದ್ದಕ್ಕೆ ನನ್ನ ಬೆನ್ನಿಗೆ ಗುದ್ದಲಿ ಎಂದು ಕಾದೆ. ಅವಳು ಕೂಗಲಿಲ್ಲ. ನನ್ನ ಕಡೆ ತಿರುಗಿದಳು. ಅಪ್ಪನೂ ತಿರುಗಿದ. ಅವನೂ ಮೂರು ತಿಂಗಳಿಂದ ನನ್ನನ್ನು ಒಂದು ಮಾತು ಕೇಳಬೇಕು ಅಂದುಕೊಂಡಿದ್ದ, ಧೈರ್ಯ ಬಂದಿರಲಿಲ್ಲ ಎಂದು ಅವನ ಮುಖ ನೋಡಿದಾಗ ತಿಳಿಯಿತು. ಕೇಳಿದ್ದು ಅವ್ವ.

"ಎಷ್ಟೊತ್ತು ನಿಂತಿದ್ದೆ?"

ನನಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ನನಗೆ ಗೊತ್ತಿದ್ದ ಅಳತೆ ಒಂದೇ.

"ಹದ ಬರೋ ತನಕ."

ಅವ್ವ ಚಾಕನ್ನು ಅಕ್ಕಿಯ ಮೇಲೆ ಇಟ್ಟಳು. ಅಪ್ಪ ಬಗ್ಗಿ ಅದನ್ನು ಎತ್ತಿಕೊಳ್ಳಲಿಲ್ಲ. ಅವ್ವ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು ಕಾಳು ಬಳಿಯತೊಡಗಿದಳು, ನಾನೂ ಕೂತೆ, ಆಮೇಲೆ ಅಪ್ಪನೂ ಬಾಗಿಲ ಕಡೆಯಿಂದ ಕೂತ. ಅಂದು ಮಧ್ಯಾಹ್ನ ಸಾರಿಗೆ ಉಪ್ಪು ಬಿದ್ದಿರಲಿಲ್ಲ. ಎಲ್ಲರೂ ಉಂಡೆವು.